ಚಿಯಾಂಗ್ ಮಾಯ್‌ನಲ್ಲಿ ನಿವೃತ್ತಿ: ಇಬ್ಬರ ಹೆಸರಿನ ಅನುಮತಿ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ನಿವೃತ್ತಿಯ ವರ್ಷಗಳನ್ನು ಕಳೆಯುವುದೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದಾಗ ಮೈಸೂರಿನ ನೆಂಟರಿಷ್ಟರು ಮೊದಲು ವಿಚಾರಿಸಿದ್ದು ಊಟದ ಬಗ್ಗೆ, ಆಮೇಲೆ ಭಾಷೆಯ ಬಗ್ಗೆ. ಆ ಎರಡೂ ಕೆಲವು ತಿಂಗಳುಗಳಲ್ಲಿ ಹೊಂದಿಕೊಂಡವು. ನಮ್ಮ ಸಮಯ ಮತ್ತು ಚಿಂತೆಯ ಹೆಚ್ಚಿನ ಪಾಲನ್ನು ತೆಗೆದುಕೊಂಡದ್ದು ಯಾರೂ ಕೇಳದಿದ್ದ ಇನ್ನೊಂದು ವಿಷಯ: ಈ ದೇಶದಲ್ಲಿ ನಾವಿಬ್ಬರೂ ಯಾವ ಆಧಾರದ ಮೇಲೆ, ಯಾರ ಹೆಸರಿನಲ್ಲಿ, ಎಷ್ಟು ಕಾಲ ಇರುತ್ತೇವೆ ಎಂಬುದು. ಥಾಯ್ಲೆಂಡಿನಲ್ಲಿ ನಮ್ಮಂತಹ ಸಾಮಾನ್ಯ ಪಿಂಚಣಿದಾರರಿಗೆ ಸಿಗುವುದು ವರ್ಷ ವರ್ಷವೂ ಅರ್ಜಿ ಹಾಕಿ ಪಡೆಯಬೇಕಾದ ವಾಸ್ತವ್ಯದ ಅನುಮತಿ ಮಾತ್ರ. ಆ ಅನುಮತಿ ಗಂಡನಿಗೂ ಹೆಂಡತಿಗೂ ಪ್ರತ್ಯೇಕವಾಗಿ, ತಮ್ಮ ತಮ್ಮ ಸ್ವಂತ ಬಲದ ಮೇಲೆ ಇರಬೇಕು ಎಂಬ ತೀರ್ಮಾನಕ್ಕೆ ನಾವು ಬಂದೆವು. ಹಾಗೆ ಬಂದ ದಾರಿಯನ್ನು, ಇದೇ ಯೋಚನೆಯಲ್ಲಿರುವ ಕನ್ನಡಿಗ ದಂಪತಿಗಳಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಾನು ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದವನು. ನನ್ನ ಪತ್ನಿ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿಯಾಗಿದ್ದವಳು. ಮಗಳು ಸಿಂಗಪುರದಲ್ಲಿದ್ದಾಳೆ. ಅಲ್ಲಿಯೇ ಹೋಗಿ ನೆಲೆಸುವಷ್ಟು ಅನುಕೂಲ ನಮಗಿರಲಿಲ್ಲ, ಅವಳ ಸಂಸಾರದ ನಡುವೆ ವರ್ಷಪೂರ್ತಿ ಇರುವ ಮನಸ್ಸೂ ಇರಲಿಲ್ಲ. ಚಿಯಾಂಗ್ ಮಾಯ್‌ನಿಂದ ಸಿಂಗಪುರಕ್ಕೆ ನೇರ ವಿಮಾನವಿದೆ. ಬಾಡಿಗೆ ನಮ್ಮ ಕೈಗೆ ಎಟುಕುವಂತಿದೆ. 1296ರಲ್ಲಿ ಮಂಗ್ರಾಯ್ ದೊರೆ ಕಟ್ಟಿಸಿದ ಹಳೆಯ ಊರಿನ ಸುತ್ತ ಈಗಲೂ ನೀರು ತುಂಬಿದ ಕಂದಕವಿದ್ದು, ಅದರ ಬದಿಯಲ್ಲಿ ಬೆಳಗಿನ ಹೊತ್ತು ನಿರಾತಂಕವಾಗಿ ನಡೆಯಬಹುದು. ಭಾರತದ ಕಾನ್ಸುಲೇಟ್ ಕಚೇರಿಯೂ ಇದೇ ಊರಿನಲ್ಲಿರುವುದರಿಂದ, ಪಿಂಚಣಿಗೆ ಬೇಕಾದ ಜೀವಿತ ಪ್ರಮಾಣಪತ್ರಕ್ಕಾಗಿ ಪ್ರತಿ ನವೆಂಬರಿನಲ್ಲಿ ಬ್ಯಾಂಕಾಕಿಗೆ ಓಡಬೇಕಾಗಿಲ್ಲ. ಈ ಕೊನೆಯ ಕಾರಣ ಕೇಳುವವರಿಗೆ ಸಣ್ಣದೆನಿಸಬಹುದು. ಪಿಂಚಣಿಯ ಮೇಲೆಯೇ ಬದುಕುವವರಿಗೆ ಅದು ಸಣ್ಣದಲ್ಲ.

ನಿಯಮ ಸ್ಥೂಲವಾಗಿ ಹೀಗಿದೆ. ಅರ್ಜಿದಾರರಿಗೆ 50 ವರ್ಷ ತುಂಬಿರಬೇಕು. ತಿಂಗಳಿಗೆ 65,000 ಬಾತ್ ಆದಾಯವನ್ನು ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ ತಮ್ಮದೇ ಹೆಸರಿನ ಖಾತೆಯಲ್ಲಿ 8 ಲಕ್ಷ ಬಾತ್ ಇರಿಸಬೇಕು, ಇಲ್ಲವೇ ಎರಡೂ ಸೇರಿ ವರ್ಷಕ್ಕೆ 8 ಲಕ್ಷವಾಗಬೇಕು. ನನ್ನ ಪಿಂಚಣಿ 65,000 ಬಾತ್ ಮುಟ್ಟುತ್ತಿರಲಿಲ್ಲವಾದ್ದರಿಂದ ಠೇವಣಿಯ ದಾರಿಯೇ ನಮಗೆ ಉಳಿಯಿತು. ಬಾತ್‌ನ ಬೆಲೆ ಎರಡೂಕಾಲು ರೂಪಾಯಿಯ ಆಸುಪಾಸಿನಲ್ಲಿದ್ದ ಆ ದಿನಗಳಲ್ಲಿ ಅದು ಸುಮಾರು 18 ಲಕ್ಷ ರೂಪಾಯಿ. ಈ ಹಣ ಅರ್ಜಿಗೆ ಎರಡು ತಿಂಗಳ ಮೊದಲಿನಿಂದಲೂ ಖಾತೆಯಲ್ಲಿರಬೇಕು, ಅನುಮತಿ ಸಿಕ್ಕ ನಂತರವೂ ಮೂರು ತಿಂಗಳು ಮುಟ್ಟಬಾರದು, ಉಳಿದ ಅವಧಿಯಲ್ಲಿ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಲೆಕ್ಕ ಹಾಕಿದರೆ ವರ್ಷದಲ್ಲಿ ಅರ್ಧ ಹಣವನ್ನು ಬಳಸಲು ಕೆಲವು ತಿಂಗಳ ಅವಕಾಶವಿದೆ ಎನ್ನಬಹುದಾದರೂ, ನಾವು ಅದನ್ನು ಎಂದಿಗೂ ಖರ್ಚಿಗೆ ಸಿಗದ ಹಣವೆಂದೇ ಭಾವಿಸಿ ನಮ್ಮ ಆಯವ್ಯಯವನ್ನು ಹೊಂದಿಸಿಕೊಂಡೆವು. ನಿವೃತ್ತರು ಹಾಗೆ ಭಾವಿಸುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ, ಏಕೆಂದರೆ ಆಸ್ಪತ್ರೆಯ ಖರ್ಚು ಬರುವುದು ನಿಯಮದ ತಿಂಗಳುಗಳನ್ನು ನೋಡಿಕೊಂಡಲ್ಲ.

ಹಣ ಕಳಿಸುವ ಮೊದಲು ಖಾತೆ ಬೇಕು. 2024ರ ಆರಂಭದಲ್ಲಿ, ಭಾರತೀಯರಿಗೆ ವೀಸಾ ಇಲ್ಲದೆ 30 ದಿನಗಳ ಪ್ರವೇಶವಿದ್ದಾಗ, ಖಾತೆ ತೆರೆಯುವುದಕ್ಕೆಂದೇ ಒಮ್ಮೆ ಹೋಗಿ ಬಂದೆವು. ಒಂದು ಶಾಖೆಯಲ್ಲಿ ದೀರ್ಘಾವಧಿ ವೀಸಾ ಇಲ್ಲದವರಿಗೆ ಖಾತೆ ಇಲ್ಲ ಎಂದರು. ಇನ್ನೊಂದರಲ್ಲಿ ಇಮಿಗ್ರೇಷನ್ ಕಚೇರಿಯಿಂದ ವಾಸಸ್ಥಳದ ಪತ್ರ ತಂದರೆ ತೆರೆಯುತ್ತೇವೆ ಎಂದರು, ಹಾಗೆಯೇ ತೆರೆದುಕೊಟ್ಟರು. ಊರಿಗೆ ಮರಳಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಹಣ ಕಳಿಸಿದೆ. ಆ ಕಾಲಕ್ಕೆ ಒಂದು ಹಣಕಾಸು ವರ್ಷದಲ್ಲಿ 7 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 20ರಷ್ಟು ತೆರಿಗೆಯನ್ನು ಮೂಲದಲ್ಲೇ ವಸೂಲು ಮಾಡುತ್ತಿದ್ದರು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷವಾಗಿದೆ. ಆಗಿನ 7 ಲಕ್ಷದ ಮಿತಿ ಎರಡು ಹಣಕಾಸು ವರ್ಷಗಳಿಗೂ ಸಿಗಲೆಂದು ಒಂದು ಕಂತನ್ನು ಮಾರ್ಚ್‌ನಲ್ಲೂ ಉಳಿದದ್ದನ್ನು ಏಪ್ರಿಲ್‌ನಲ್ಲೂ ಕಳಿಸಿ, ಹಿಡಿದುಕೊಂಡ ತೆರಿಗೆಯನ್ನು ಮುಂದೆ ರಿಟರ್ನ್ಸ್ ಸಲ್ಲಿಸಿ ಹಿಂದಕ್ಕೆ ಪಡೆದೆ. 2023ರ ಡಿಸೆಂಬರ್ 31ರ ದಿನಾಂಕದವರೆಗಿನ ನನ್ನ ಬ್ಯಾಂಕ್ ಖಾತೆ ಮತ್ತು ನಿಶ್ಚಿತ ಠೇವಣಿಗಳ ವಿವರವನ್ನು ಮುದ್ರಿಸಿ, ಸಹಿ ಹಾಕಿಸಿ ಜೋಪಾನ ಮಾಡಿದ್ದೇನೆ. ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದವರು ಅಲ್ಲಿನ ತೆರಿಗೆ ನಿವಾಸಿಗಳಾಗುತ್ತಾರೆ. 2024ರ ಜನವರಿ 1ರಿಂದ ಗಳಿಸಿದ ವಿದೇಶಿ ಆದಾಯವನ್ನು ಒಳತಂದರೆ ಅದು ತೆರಿಗೆಯ ವ್ಯಾಪ್ತಿಗೆ ಬರುತ್ತದೆ, ಅದಕ್ಕೂ ಹಿಂದಿನ ಉಳಿತಾಯ ಬರುವುದಿಲ್ಲ. ನಮ್ಮ ಠೇವಣಿ ಹಳೆಯ ಉಳಿತಾಯದ್ದೆಂದು ತೋರಿಸಲು ಆ ಒಂದು ಕಾಗದ ಸಾಕು. ನಂತರದ ಪಿಂಚಣಿಗೆ ಸಂಬಂಧಿಸಿದಂತೆ, ಎರಡೂ ದೇಶಗಳ ನಡುವಿನ ದ್ವಿತೆರಿಗೆ ತಡೆ ಒಪ್ಪಂದವನ್ನು ತಿಳಿದ ಲೆಕ್ಕಪರಿಶೋಧಕರನ್ನು ಹಿಡಿಯುವುದು ಒಳ್ಳೆಯದು; ಅದಕ್ಕೆ ಕೊಡುವ ಶುಲ್ಕ ವ್ಯರ್ಥವಾಗುವುದಿಲ್ಲ.

ನಿಯಮದಲ್ಲಿ ಒಂದು ಅನುಕೂಲವಿದೆ. ದಂಪತಿಗಳಲ್ಲಿ ಒಬ್ಬರು ನಿವೃತ್ತಿಯ ಆಧಾರದ ಮೇಲೆ ಅನುಮತಿ ಪಡೆದರೆ ಇನ್ನೊಬ್ಬರು ಬೇರೆ ಠೇವಣಿ ಇಡದೆ ಅವಲಂಬಿತರಾಗಿ ಇರಬಹುದು. ಮತ್ತೆ ಅಷ್ಟೇ ಹಣ ಆಗ ನಮ್ಮ ಕೈಯಲ್ಲಿ ಸಿದ್ಧವಿರಲಿಲ್ಲವಾದ್ದರಿಂದ ಈ ಅನುಕೂಲವನ್ನೇ ಬಳಸಿಕೊಂಡೆವು. ಅದಕ್ಕೆ ವಿವಾಹ ನೋಂದಣಿ ಪ್ರಮಾಣಪತ್ರ ಬೇಕು. ನಮ್ಮ ಮದುವೆಯಾದದ್ದು 1988ರಲ್ಲಿ, ಮೈಸೂರಿನ ಒಂದು ಛತ್ರದಲ್ಲಿ. ನಮ್ಮ ಪೀಳಿಗೆಯ ಬಹುತೇಕರಂತೆ ನಾವೂ ಅದನ್ನು ನೋಂದಾಯಿಸಿರಲಿಲ್ಲ. ಅಲ್ಲಿಯವರೆಗೆ ಅದರ ಅಗತ್ಯ ಬಿದ್ದಿರಲೂ ಇಲ್ಲ.

ಉಪನೋಂದಣಿ ಕಚೇರಿಯಲ್ಲಿ ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ದಾಖಲೆ, ಮೂವರು ಸಾಕ್ಷಿಗಳು ಬೇಕೆಂದರು. ಲಗ್ನಪತ್ರಿಕೆ ನನ್ನ ಅತ್ತೆಯವರ ಕಬ್ಬಿಣದ ಟ್ರಂಕಿನಲ್ಲಿ, ರೇಷ್ಮೆ ಸೀರೆಯೊಂದರ ಮಡಿಕೆಯಲ್ಲಿ ಸಿಕ್ಕಿತು. ನಾಲ್ಕು ಮೂಲೆಗೂ ಹಚ್ಚಿದ್ದ ಅರಿಸಿನ ಮಾಸಿ ಕಂದಾಗಿತ್ತು, ಆದರೆ ಮುಹೂರ್ತದ ದಿನಾಂಕವೂ ಛತ್ರದ ವಿಳಾಸವೂ ಸ್ಪಷ್ಟವಾಗಿದ್ದವು. ತೊಡಕು ಬಂದದ್ದು ಹೆಸರಿನಲ್ಲಿ. ಲಗ್ನಪತ್ರಿಕೆಯಲ್ಲಿ ಆಕೆಯ ಹೆಸರಿನ ಹಿಂದೆ 'ಚಿ॥ ಸೌ॥' ಮಾತ್ರ ಇತ್ತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಊರಿನ ಮತ್ತು ಹೆಸರಿನ ಇನಿಷಿಯಲ್‌ಗಳಿದ್ದವು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ಣವಾಗಿ ವಿಸ್ತರಿಸಿಕೊಂಡು ಕುಲನಾಮದ ಜಾಗದಲ್ಲಿ ಕುಳಿತಿತ್ತು, ಆಧಾರ್‌ನಲ್ಲಿ ನನ್ನ ಹೆಸರು ಸೇರಿತ್ತು. ನಮ್ಮ ಕಡೆಯ ಹೆಂಗಸರ ದಾಖಲೆಗಳಲ್ಲಿ ಇದು ತೀರ ಸಾಮಾನ್ಯ. ಪಾಸ್‌ಪೋರ್ಟಿನಲ್ಲಿರುವಂತೆಯೇ ವಿವಾಹ ಪ್ರಮಾಣಪತ್ರದಲ್ಲಿ ಹೆಸರು ಬರಬೇಕೆಂದು ನಾವು ಪಟ್ಟುಹಿಡಿದು, ನಾಲ್ಕೂ ಹೆಸರುಗಳು ಒಬ್ಬರದ್ದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಲಗತ್ತಿಸಿದೆವು. ವಿದೇಶಿ ಕಚೇರಿಯೊಂದು ಹೋಲಿಸಿ ನೋಡುವುದು ಪಾಸ್‌ಪೋರ್ಟನ್ನು ಮಾತ್ರ ಎಂಬುದನ್ನು ಮರೆಯಬಾರದು. ಪ್ರಮಾಣಪತ್ರ ಕೈಗೆ ಬಂದ ನಂತರ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ, ಥಾಯ್ ಕಚೇರಿಯ ಮೊಹರು, ಥಾಯ್ ಭಾಷೆಗೆ ಅನುವಾದ, ಆ ಅನುವಾದಕ್ಕೆ ಥಾಯ್ ವಿದೇಶಾಂಗ ಸಚಿವಾಲಯದ ದೃಢೀಕರಣ ಹೀಗೆ ಒಂದರ ಮೇಲೊಂದು ಮುದ್ರೆಗಳು ಬಿದ್ದವು. ಸಾಕ್ಷಿ ಹಾಕಲು ಬಂದಿದ್ದ ನನ್ನ ಭಾವಮೈದುನ, ಮದುವೆಯ ದಿನ ಛತ್ರದಲ್ಲಿ ಬಡಿಸಿದ್ದವನು, ಅಂದು ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತು ಎಲ್ಲ ಹಾಳೆಗಳಿಗೂ ಸಹಿ ಮಾಡಿದ.

2024ರ ಮಳೆಗಾಲದಲ್ಲಿ, ಭಾರತೀಯರ ಪ್ರವೇಶದ ಅವಧಿ 60 ದಿನಗಳಿಗೆ ಏರಿದ ಮೇಲೆ, ನಾವು ಸಾಮಾನು ಸಹಿತ ಹೊರಟೆವು. ಚಿಯಾಂಗ್ ಮಾಯ್‌ನಲ್ಲಿಯೇ 2,000 ಬಾತ್ ಕಟ್ಟಿ ಪ್ರವಾಸಿ ಸ್ಥಿತಿಯಿಂದ, ನಿವೃತ್ತರಿಗೆ ಅನ್ವಯಿಸುವ 'ನಾನ್ ಇಮಿಗ್ರಂಟ್ ಓ' ವರ್ಗಕ್ಕೆ ಬದಲಾಯಿಸಿಕೊಂಡೆ. ಅದು 90 ದಿನಗಳ ಅನುಮತಿ. ಅದರ ಕೊನೆಯ ತಿಂಗಳಲ್ಲಿ 1,900 ಬಾತ್ ಶುಲ್ಕದ ಮೇಲೆ ಒಂದು ವರ್ಷದ ವಿಸ್ತರಣೆಗೆ ಅರ್ಜಿ ಹಾಕಬೇಕು. ನನ್ನ ಪತ್ನಿಯ ಅರ್ಜಿ ನನ್ನದರ ಬೆನ್ನಿಗೇ ಹೋಯಿತು.

ವಿಸ್ತರಣೆಯ ದಿನದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಲವರು ಇದನ್ನು ಏಜೆಂಟರಿಗೆ ಒಪ್ಪಿಸಿಬಿಡುತ್ತಾರೆ. ಅದರ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂದು ಬೆಳಿಗ್ಗೆ ಬ್ಯಾಂಕು ತೆರೆಯುವ ಹೊತ್ತಿಗೆ ಹೋಗಿ ಖಾತೆಗೆ 100 ಬಾತ್ ಜಮಾ ಮಾಡುತ್ತೇನೆ. ಆ ದಿನದ ವ್ಯವಹಾರವೊಂದು ಪಾಸ್‌ಬುಕ್ಕಿನಲ್ಲಿ ಮುದ್ರಿತವಾಗಿರಲಿ ಎಂಬುದಷ್ಟೇ ಅದರ ಉದ್ದೇಶ. ನಂತರ ಅದೇ ದಿನಾಂಕದ ಬ್ಯಾಂಕಿನ ಪತ್ರ ಪಡೆದು, ಪಾಸ್‌ಬುಕ್ಕಿನ ಎಲ್ಲ ಪುಟಗಳ ನಕಲು ತೆಗೆಸಿ, ಪ್ರತಿಯೊಂದು ಹಾಳೆಗೂ ನೀಲಿ ಶಾಯಿಯಲ್ಲಿ ಸಹಿ ಹಾಕಿ, ವಿಮಾನ ನಿಲ್ದಾಣದ ಬಳಿಯ ಇಮಿಗ್ರೇಷನ್ ಕಚೇರಿಗೆ ಹೋಗಬೇಕು. ಅರ್ಜಿ ನಮೂನೆ ಟಿಎಂ 7, ಬಾಡಿಗೆ ಕರಾರು, ಮನೆಯ ಮಾಲೀಕರು ನಮ್ಮ ವಾಸವನ್ನು ತಿಳಿಸಿದ ಟಿಎಂ 30 ರಸೀದಿ, ಭಾವಚಿತ್ರ, ಇವುಗಳ ಜೊತೆಗೆ ಮನೆಗೆ ದಾರಿ ತೋರಿಸುವ ನಕ್ಷೆಯನ್ನೂ ಕೇಳುತ್ತಾರೆ. ಆ ನಕ್ಷೆಯನ್ನು ನನ್ನ ಪತ್ನಿ ಪಟ್ಟಿ ಹಿಡಿದು ಬಿಳಿಯ ಹಾಳೆಯ ಮೇಲೆ ಬರೆಯುತ್ತಾಳೆ: ಕಂದಕದ ಒಂದು ಮೂಲೆ, ಅಲ್ಲಿಂದ ದೇವಾಲಯದ ಗೋಪುರ, ಅದರ ಪಕ್ಕದ ಓಣಿ, ಓಣಿಯ ಕೊನೆಯ ಔಷಧದ ಅಂಗಡಿ, ಮೇಲ್ತುದಿಯಲ್ಲಿ ಉತ್ತರ ದಿಕ್ಕಿನ ಬಾಣ. ಅಧಿಕಾರಿಣಿ ಅದನ್ನು ನೋಡಿ ಬೇರೇನೂ ಕೇಳದೆ ಫೈಲಿಗೆ ಸೇರಿಸಿದರು. ಕಾಗದಗಳು ಅವರು ಹೇಳಿದ ಅನುಕ್ರಮದಲ್ಲಿದ್ದರೆ ಸಂದರ್ಶನವೆಂಬುದು ಬಹುಮಟ್ಟಿಗೆ ಮೌನದಲ್ಲೇ ಮುಗಿಯುತ್ತದೆ.

ವಿಸ್ತರಣೆ ಸಿಕ್ಕ ಮೇಲೂ ಪ್ರತಿ 90 ದಿನಗಳಿಗೊಮ್ಮೆ ವಿಳಾಸ ವರದಿ ಮಾಡಬೇಕು. ನಿಗದಿತ ದಿನಕ್ಕೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶವಿದೆ. ಇನ್ನೂ ಮುಖ್ಯವಾದದ್ದು ಮರುಪ್ರವೇಶದ ಪರವಾನಗಿ. ಅದಿಲ್ಲದೆ ದೇಶದಿಂದ ಹೊರಗೆ ಕಾಲಿಟ್ಟರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದಾಗುತ್ತದೆ. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್. ನಾವು ಎರಡನೆಯದನ್ನೇ ಪಡೆಯುತ್ತೇವೆ, ಏಕೆಂದರೆ ಚಿಯಾಂಗ್ ಮಾಯ್‌ನಲ್ಲಿ ವರ್ಷವಿಡೀ ಇರುವುದು ನಮ್ಮ ವಯಸ್ಸಿನವರಿಗೆ ಆಗದ ಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲಗಳ ಕೂಳೆ ಸುಡುವ ಹೊಗೆ, ಕಾಡ್ಗಿಚ್ಚಿನ ಹೊಗೆ, ಗಡಿಯಾಚೆಯ ಮ್ಯಾನ್ಮಾರ್‌ನಿಂದ ಬರುವ ಹೊಗೆ ಎಲ್ಲವೂ ಸುತ್ತ ಬೆಟ್ಟಗಳಿರುವ ಈ ಕಣಿವೆಯಲ್ಲಿ ನಿಂತುಬಿಡುತ್ತವೆ. ಬೇರೆ ತಿಂಗಳುಗಳಲ್ಲಿ ನಮ್ಮ ಬಾಲ್ಕನಿಯಿಂದ ಎದ್ದು ಕಾಣುವ ದೋಯ್ ಸುತೇಪ್ ಬೆಟ್ಟ ಆ ವಾರಗಳಲ್ಲಿ ಇಡಿಯಾಗಿ ಮರೆಯಾಗುತ್ತದೆ, ಬೆಳಿಗ್ಗೆ ಎದ್ದರೆ ಗಂಟಲು ಕೆರೆಯುತ್ತದೆ, ಗಾಳಿ ಶೋಧಿಸುವ ಯಂತ್ರ ಹಗಲಿರುಳು ಓಡುತ್ತದೆ. ಆ ಅವಧಿಗೆ ನಾವು ಮೈಸೂರಿಗೆ ಬಂದು ಯುಗಾದಿ ಮುಗಿಸಿ ಹೋಗುತ್ತೇವೆ. ನಗರದ ಹೊಗಳಿಕೆಯನ್ನು ಮಾತ್ರ ಕೇಳಿ ಹೊರಡುವವರು, ನವೆಂಬರಿನಲ್ಲಲ್ಲದೆ ಮಾರ್ಚ್‌ನಲ್ಲಿ ಒಮ್ಮೆ ಬಂದು ಹದಿನೈದು ದಿನ ಇದ್ದು ನೋಡಿ ತೀರ್ಮಾನಿಸಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಇದೇ ಕಾರಣದಿಂದ ನಾವು ಮನೆ ಕೊಳ್ಳಲಿಲ್ಲ. ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ, ಅಪಾರ್ಟ್‌ಮೆಂಟ್ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ಶೇ 49ರವರೆಗೆ ಮಾತ್ರ ವಿದೇಶಿಯರ ಹೆಸರಿನಲ್ಲಿರಬಹುದು. ವರ್ಷದ ಅನುಮತಿಯ ಮೇಲೆ ಇರುವವರಿಗೆ ಬಾಡಿಗೆ ಮನೆಯೇ ಸರಿ.

ಊಟದ ವಿಷಯವಾಗಿ ಇಷ್ಟು ಸಾಕು: ಪೇಟೆಯಲ್ಲಿ ನುಗ್ಗೆಕಾಯಿ, ಬಾಳೆಹೂವು, ತೆಂಗಿನಕಾಯಿ, ವೀಳ್ಯದೆಲೆ ಎಲ್ಲವೂ ಸಿಗುತ್ತವೆ, ಹಳದಿ ಬಣ್ಣದ 'ಜೇ' ಫಲಕವಿರುವ ಅಂಗಡಿಗಳಲ್ಲಿ ಮೀನಿನ ಸಾರ ಹಾಕದ ಶುದ್ಧ ಸಸ್ಯಾಹಾರ ದೊರೆಯುತ್ತದೆ. ಹುರಿಹಿಟ್ಟು, ರಾಗಿಹಿಟ್ಟು, ಸಾರಿನ ಪುಡಿ ಮಾತ್ರ ಮೈಸೂರಿನಿಂದಲೇ ಬರುತ್ತವೆ. ವೈದ್ಯಕೀಯದ ವಿಷಯ ಇದಕ್ಕಿಂತ ಗಂಭೀರವಾದದ್ದು. ಭಾರತದ ನಮ್ಮ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಅರವತ್ತು ದಾಟಿದ ಮಧುಮೇಹಿಗೆ ಅಲ್ಲಿ ಸಿಗುವ ವಿಮೆ ಮಧುಮೇಹವನ್ನೇ ಹೊರಗಿಡುತ್ತದೆ. ನಾವು ಭಾರತದ ವಿಮೆಯನ್ನು ಕಂತು ತಪ್ಪದೆ ಉಳಿಸಿಕೊಂಡು, ಯೋಜಿಸಿ ಮಾಡಿಸಬಹುದಾದ ಶಸ್ತ್ರಚಿಕಿತ್ಸೆಗೆ ಊರಿಗೆ ಬರುವುದೆಂದೂ, ಅಲ್ಲಿನ ತುರ್ತಿಗೆ ಪ್ರತ್ಯೇಕ ನಿಧಿ ಇಡುವುದೆಂದೂ ಗೊತ್ತುಮಾಡಿಕೊಂಡಿದ್ದೇವೆ. ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗಕ್ಕೆ ಸೇರಿದ ಶ್ರೀಪತ್ ಕೇಂದ್ರದಲ್ಲಿ ನನ್ನ ಸಕ್ಕರೆಯ ತಪಾಸಣೆ ಕ್ರಮವಾಗಿ ನಡೆಯುತ್ತದೆ.

ಈ ವ್ಯವಸ್ಥೆ ಸರಿಯಾಗಿ ಕುಳಿತಿದೆ ಎಂದುಕೊಂಡಿದ್ದ ಹೊತ್ತಿಗೆ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಯುರೋಪಿನ ವೃದ್ಧರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಅವರ ಪತ್ನಿ, ನನ್ನ ಪತ್ನಿಯಂತೆಯೇ, ಅವಲಂಬಿತರ ಅನುಮತಿಯಲ್ಲಿದ್ದವರು. ಠೇವಣಿ ಗಂಡನೊಬ್ಬರ ಹೆಸರಿನಲ್ಲಿತ್ತು. ಮರಣದ ಸುದ್ದಿ ತಲುಪುತ್ತಲೇ ಬ್ಯಾಂಕು ಖಾತೆಯನ್ನು ತಡೆಹಿಡಿಯಿತು. ನ್ಯಾಯಾಲಯ ಆಸ್ತಿಯ ವ್ಯವಸ್ಥಾಪಕರನ್ನು ನೇಮಿಸುವವರೆಗೆ ಅದರಲ್ಲಿ ಒಂದು ಬಾತ್ ತೆಗೆಯುವಂತಿರಲಿಲ್ಲ. ಯಾರ ಆಧಾರದ ಮೇಲೆ ಆಕೆ ಇದ್ದರೋ ಅವರೇ ಇಲ್ಲವಾದ ಮೇಲೆ ಆಕೆಯ ಅನುಮತಿಗೂ ಆಧಾರವಿರಲಿಲ್ಲ. ಗಂಡನ ಅಂತ್ಯಕ್ರಿಯೆ, ಜಿಲ್ಲಾ ಕಚೇರಿಯ ಮರಣ ಪ್ರಮಾಣಪತ್ರ, ತಮ್ಮ ದೇಶದ ರಾಯಭಾರ ಕಚೇರಿಯ ಪತ್ರವ್ಯವಹಾರ, ಇವುಗಳ ನಡುವೆಯೇ ಆಕೆ ತಾನಿಲ್ಲಿ ಉಳಿಯುವುದು ಹೇಗೆಂದು ಓಡಾಡಬೇಕಾಯಿತು. ನನ್ನ ಪತ್ನಿ ಆಕೆಯ ಜೊತೆ ಹಲವು ಕಚೇರಿಗಳಿಗೆ ಹೋದಳು. ಒಂದು ಸಂಜೆ ಮರಳಿ ಬಂದು, ಚಪ್ಪಲಿ ಬಿಡುತ್ತಲೇ, "ರೀ, ನಿಮಗೇನಾದರೂ ಆದರೆ ನನ್ನ ಗತಿಯೂ ಇದೇ ಅಲ್ಲವೇ? ನನ್ನ ಹೆಸರಿಗೂ ಬೇರೆ ಮಾಡಿಸೋಣ," ಎಂದಳು. ಅದರಲ್ಲಿ ಚರ್ಚಿಸುವುದೇನೂ ಇರಲಿಲ್ಲ.

ನನ್ನ ಪತ್ನಿಗೆ 50 ವರ್ಷ ಎಂದೋ ದಾಟಿತ್ತು. ಬೇಕಾಗಿದ್ದದ್ದು ಆಕೆಯ ಹೆಸರಿನ ಇನ್ನೊಂದು 8 ಲಕ್ಷ ಬಾತ್ ಮಾತ್ರ. ಗ್ರಾಚ್ಯುಟಿ ಮತ್ತು ಭವಿಷ್ಯ ನಿಧಿಯಿಂದ ಬಂದು ನಿಶ್ಚಿತ ಠೇವಣಿಯಲ್ಲಿದ್ದ ಆಕೆಯದೇ ಹಣ, ಅದರ ಮೇಲೆ ನಾವು ಮನೆ ರಿಪೇರಿಗೆಂದು ತೆಗೆದಿಟ್ಟಿದ್ದ ಮೊತ್ತ ಸೇರಿ ಲೆಕ್ಕ ಕೂಡಿತು. ನಾವು ಆ ವೇಳೆಗೆ ಅನಿವಾಸಿಗಳಾಗಿದ್ದರಿಂದ ಊರಿನ ಉಳಿತಾಯ ಖಾತೆಗಳನ್ನು ಎನ್‌ಆರ್‌ಒ ಖಾತೆಗಳಾಗಿ ಬದಲಾಯಿಸಿದ್ದೆವು. ಹಣ ಅಲ್ಲಿಂದಲೇ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ ಹೋಯಿತು. ಆಕೆಯ ಖಾತೆ ತೆರೆಯುವುದು ಈ ಸಲ ಸುಲಭವಾಯಿತು, ಏಕೆಂದರೆ ಪಾಸ್‌ಪೋರ್ಟಿನಲ್ಲಿ ವರ್ಷದ ವಿಸ್ತರಣೆ ಇತ್ತು. ಎರಡು ತಿಂಗಳು ಹಣ ನಿಂತ ನಂತರ, ಅವಲಂಬಿತರ ಅನುಮತಿಯ ನವೀಕರಣದ ವೇಳೆಗೆ ಆಕೆ ನಿವೃತ್ತಿಯ ಆಧಾರದ ಮೇಲೆ ತನ್ನದೇ ಅರ್ಜಿ ಸಲ್ಲಿಸಿದಳು. ಆ ದಿನ ಆಕೆಯ ಫೈಲಿನಲ್ಲಿ ವಿವಾಹ ಪ್ರಮಾಣಪತ್ರ ಇರಲೇ ಇಲ್ಲ, ಬೇಕಾಗಿರಲಿಲ್ಲ. ಅಷ್ಟೊಂದು ಮುದ್ರೆ ಹಾಕಿಸಿದ ಆ ಕಾಗದ ಈಗ ಉಯಿಲಿನ ಕಡತದಲ್ಲಿದೆ.

ಇಬ್ಬರದೂ ಸೇರಿ, ಬಾತ್‌ನ ಈಗಿನ ಬೆಲೆಯಲ್ಲಿ, 40 ಲಕ್ಷ ರೂಪಾಯಿಗೂ ಮೀರಿ ಹಣ ಅಲ್ಪ ಬಡ್ಡಿಯ ಖಾತೆಗಳಲ್ಲಿ ನಿಂತಿದೆ ಎಂಬುದು ನಿಜ. ಬ್ಯಾಂಕಿನಲ್ಲಿ ಜೀವಮಾನ ಕಳೆದ ನನಗೆ ಅದರಿಂದ ಕೈಬಿಟ್ಟುಹೋಗುವ ಬಡ್ಡಿಯ ಲೆಕ್ಕ ಚೆನ್ನಾಗಿ ಗೊತ್ತು. ಆದರೂ ಇಷ್ಟು ಹಣವನ್ನು ಹೀಗೆ ಕಟ್ಟಿಹಾಕಲು ಸಾಧ್ಯವಾಗದ ದಂಪತಿಗಳು ಇಲ್ಲಿಗೆ ಬರುವುದನ್ನು ಮುಂದೂಡುವುದೇ ಮೇಲು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಒಬ್ಬರ ಠೇವಣಿಯ ಮೇಲೆ ಇಬ್ಬರು ಬದುಕಬಹುದು ಎಂದು ನಿಯಮ ಹೇಳುತ್ತದೆ. ಆದರೆ ಆ ಒಬ್ಬರು ಹೋದ ಮರುದಿನದ ಬಗ್ಗೆ ಉಳಿದವರೇ ಯೋಚಿಸಬೇಕು, ಅದೂ ಅತ್ತು ಮುಗಿಯುವ ಮೊದಲೇ.

ನಂತರ ಇಬ್ಬರೂ ಥಾಯ್ ಬ್ಯಾಂಕಿನ ಖಾತೆಗಳಿಗಷ್ಟೇ ಅನ್ವಯಿಸುವ ಉಯಿಲನ್ನು ವಕೀಲರೊಬ್ಬರಿಂದ ಬರೆಸಿದೆವು. ದಿನಾಂಕ ಹಾಕಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದರೆ ಅಲ್ಲಿನ ಕಾನೂನಿಗೆ ಸಾಕು. ಮೈಸೂರಿನ ಮನೆ ಮತ್ತು ಠೇವಣಿಗಳಿಗೆ ಸಂಬಂಧಿಸಿದ ಉಯಿಲು ಬೇರೆಯೇ ಇದೆ. ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲವೆಂದು ಎರಡರಲ್ಲೂ ಸ್ಪಷ್ಟವಾಗಿ ಬರೆಸಿದ್ದೇವೆ. ಉಯಿಲುಗಳ ನಕಲು, ಎರಡೂ ಪಾಸ್‌ಬುಕ್ಕುಗಳ ಮೊದಲ ಪುಟ, ಕಾನ್ಸುಲೇಟಿನ ಮತ್ತು ವಕೀಲರ ದೂರವಾಣಿ ಸಂಖ್ಯೆಗಳು ಮಗಳ ಬಳಿ ಇವೆ. ನನ್ನ ವಿಸ್ತರಣೆಯ ದಿನಾಂಕವೂ ಆಕೆಯದೂ ಬೇರೆ ಬೇರೆಯಾದ್ದರಿಂದ ಈಗ ಇಮಿಗ್ರೇಷನ್ ಕಚೇರಿಗೆ ವರ್ಷದಲ್ಲಿ ಎರಡು ಸಲ ಕಡತ ಹೊಂದಿಸಬೇಕು. ಆಕೆಯ ಕಡತವನ್ನು ಆಕೆಯೇ ಹೊಂದಿಸುತ್ತಾಳೆ.